ಅಂಗಿಯ ಅಂಚಿನ ಹೆಸರು

ಭಾನುವಾರ, ಜೂನ್ ೧೪

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿಯಿತ್ತು ಎಂದು ಬರೆಯೋಣವೆಂದುಕೊಂಡೆ. ಪ್ರಾರ್ಥನೆ ಮುಗಿಸಿ ಬಂದು ಸುಳ್ಳು ಬರೆಯಲು ಕೈ ಬರಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದಿಂಬಿನ ಚೀಲಗಳಿಗೆ ವಾರ್ಡಿನ ನಂಬರು ಹಾಕುತ್ತಾ ಎರಡು ಸಲ ಸೂಜಿ ಚುಚ್ಚಿಕೊಂಡೆ.

“ನನ್ನ ಹೆಸರಿನ ಪುಟ್ಟಿ ಹೇಗಿದ್ದಾಳೆ?” ಎಂದು ಕೇಳಿದ್ದೀಯ. ಪುಟ್ಟಿ ಚೆನ್ನಾಗಿದ್ದಾಳೆ. ಅವಳಿಗೆ ನಿನ್ನ ಹೆಸರು ಇಡಲಿಲ್ಲ.

ಮೊಮ್ಮಗಳು ಹುಟ್ಟಿದ ದಿನವೇ ನಾನು ಯಾರನ್ನೂ ಕೇಳದೆ ದೀಕ್ಷಾಸ್ನಾನದ ಬಿಳಿ ಅಂಗಿಯ ಅಂಚಿಗೆ ನೀಲಿ ದಾರದಲ್ಲಿ ‘ಕ್ಲಾಡಿಯಾ’ ಎಂದು ನಿನ್ನ ಹೆಸರಿನ ಕಸೂತಿ ಹಾಕಿ, ನಿನಗೂ ಬರೆದುಬಿಟ್ಟೆ. ಕೇಳದೇ ಹಾಕಿದ್ದು ನನ್ನದೇ ತಪ್ಪು. ದೀಕ್ಷಾಸ್ನಾನದ ಹಿಂದಿನ ಸಂಜೆ ಸೊಸೆಯ ಅಣ್ಣ ಬಂದ, ಶಾಲೆಯಲ್ಲಿ ಪಾಠ ಹೇಳುವವನು. ಕಂಕುಳಲ್ಲಿ ಹೆಸರುಗಳ ದಪ್ಪ ಪುಸ್ತಕ.

“ಅತ್ತೆ, ಇದು ಲ್ಯಾಟಿನ್ ಹೆಸರು. ಕುಂಟ ಅನ್ನೋ ಮಾತಿಂದ ಬಂದಿದ್ದಂತೆ. ಗಟ್ಟಿಮುಟ್ಟಾಗಿರೋ ಮಗೂಗೆ ಇದ್ಯಾಕೆ?” ಅಂದ.

“ಪುಸ್ತಕ ನಿಂದೇ ತಾನೆ? ಕೆಳಗಿನ ಸಾಲೂ ಓದಪ್ಪ” ಅಂದೆ.

ಓದಿದ. ರೋಮಿನಲ್ಲಿ ಆ ಹೆಸರಿನದೇ ಒಂದು ದೊಡ್ಡ ಮನೆತನವಿತ್ತಂತೆ. ಅದರಲ್ಲೊಬ್ಬ ಕಾಲೆಳೆಯುತ್ತಿದ್ದ, ತೊದಲುತ್ತಿದ್ದ. ಮನೆಯವರೇ ನಗುತ್ತಿದ್ದರು. ಕೊನೆಗೆ ಅವನೇ ಚಕ್ರವರ್ತಿ! ಇನ್ನೊಬ್ಬಳ ಬಗ್ಗೆ ಊರು ಕೆಟ್ಟ ಮಾತಾಡಿತ್ತಂತೆ. ಅವಳು ದೇವಿಯ ಮೂರ್ತಿ ಹೊತ್ತು ಬಂದು ನದಿಯಲ್ಲಿ ಸಿಕ್ಕಿಕೊಂಡ ಹಡಗನ್ನು ಸೊಂಟದ ಪಟ್ಟಿಯಿಂದ ಎಳೆದು ಎಲ್ಲರ ಬಾಯಿ ಮುಚ್ಚಿಸಿದಳಂತೆ. ಅದು ಅವರ ದೇವರ ಕಥೆ, ನಮಗೆ ಸಲ್ಲದು. ಆದರೂ ಕೇಳಿ ಹೊಟ್ಟೆ ತಂಪಾಯಿತು.

“ಬೈಬಲಲ್ಲೂ ಒಬ್ಬಳು ಕ್ಲಾಡಿಯಾ ಇದ್ದಾಳಲ್ಲ” ಅಂದೆ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ವಂದನೆ ಹೇಳುವವರಲ್ಲಿ ಆಕೆಯೂ ಒಬ್ಬಳು. ಕುಂಟುತ್ತಿದ್ದಳೋ ನೆಟ್ಟಗೆ ನಡೆಯುತ್ತಿದ್ದಳೋ ಪೌಲನು ಬರೆದಿಲ್ಲ. ವಂದನೆ ಹೇಳಿದ್ದನ್ನಷ್ಟೇ ಬರೆದ.

ಆಗ ಸೊಸೆ, “ಅರ್ಥ ಏನಾದ್ರೂ ಇರ್ಲಿ ಅತ್ತೆ. ಆ ಹೆಸರು ಕರೆದ್ರೆ ನಂಗೆ ಚಿಕ್ಕಮ್ಮನ ಕುಂಟು ಕಾಲೇ ಕಣ್ಣಿಗೆ ಬರುತ್ತೆ” ಅಂದಳು.

ನನ್ನ ಮಗ ಏನು ಮಾಡಿದ ಗೊತ್ತೇ? ಊಟದ ತಟ್ಟೆ ನೋಡುತ್ತಾ ಕೂತ. ನಾನು ಎರಡು ಪಾಳಿ ದುಡಿಯುವಾಗ ಅವನನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿ ಇಳಿದದ್ದು ಯಾವ ಕಾಲು? ನಿನ್ನ ನಡಿಗೆಯ ತೂಗಾಟಕ್ಕೇ ಅವನಿಗೆ ನಿದ್ದೆ ಹತ್ತುತ್ತಿತ್ತು. ನೆಟ್ಟಗೆ ನಡೆಯುವ ನಾನು ಎತ್ತಿಕೊಂಡರೆ ಕಿರುಚುತ್ತಿದ್ದ! ಇದನ್ನು ಎಲ್ಲರ ಮುಂದೆಯೇ ಹೇಳಿದೆ. ಸೊಸೆಯ ಅಣ್ಣ ಪುಸ್ತಕ ಮುಚ್ಚಿದ. ಮಗ ಮಾತ್ರ, “ಬಿಡಮ್ಮ, ಈಗ್ಯಾಕೆ ಅದೆಲ್ಲ” ಅಂದ.

ಸೊಸೆ ಆರಿಸಿದ ಹೆಸರೇ ಆಯಿತು. ಚೆನ್ನಾಗಿಯೇ ಇದೆ, ನನ್ನ ಬಾಯಿಗೆ ಮಾತ್ರ ಇನ್ನೂ ಬಂದಿಲ್ಲ. ಮಗುವಿನ ಮೇಲೆ ಸಿಟ್ಟಿಲ್ಲ, ಅದೇನು ಮಾಡೀತು?

ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ದೇವರು ನಿನ್ನನ್ನೂ ನಿನ್ನ ಎರಡು ಕಾಲುಗಳನ್ನೂ ಕಾಯಲಿ.

ನಿನ್ನ ಅಕ್ಕ

ತಾ.ಕ.: ಕಸೂತಿ ಬಿಚ್ಚಿದವರು ಯಾರೆಂದು ನೀನು ಕೇಳುವವಳಲ್ಲ, ಅದಕ್ಕೇ ಹೇಳುತ್ತೇನೆ. ಅಷ್ಟೆಲ್ಲ ಜಗಳವಾಡಿದ ಮೇಲೆ ಮಗ ಅಂಗಿ, ಕತ್ತರಿ ತಂದು ನನ್ನ ಮುಂದಿಟ್ಟ. “ನೀನೇ ಬಿಚ್ಚಮ್ಮ, ಬೇರೆಯವರು ಮುಟ್ಟಿದ್ರೆ ಬಟ್ಟೆ ಹಾಳಾಗುತ್ತೆ” ಅಂದ. ನಾನೇ ಕೂತು ಒಂದೊಂದೇ ಅಕ್ಷರ ಬಿಚ್ಚಿದೆ. ಒಂದೆಳೆಯೂ ಜಗ್ಗಲಿಲ್ಲ. ಇಲ್ಲೊಂದು ಹೆಸರಿತ್ತು ಅಂತಲೇ ಗೊತ್ತಾಗಲ್ಲ ಎಂದು ಎಲ್ಲರೂ ನನ್ನ ಕೈಕೆಲಸವನ್ನು ಹೊಗಳಿದರು.