ಗೊರವಂಕ ಆರಿಸಿದ ಕಿವಿ

ಜುಲೈ ೧೪, ಸೋಮವಾರ. ಗೊರೇಬಾಳ.

ಮದುವೆಯಾಗಿ ಇಪ್ಪತ್ತಾರು ದಿನ. ಅತ್ತೆ ನನ್ನನ್ನು ಎಮ್ಮೆಗಳ ಹತ್ತಿರವೇ ಬಿಟ್ಟಿರಲಿಲ್ಲ. "ಇಂಗ್ಲಿಷ್ ಸಾಲಿ ಕಲ್ತಾಕಿ, ಒದಿಸ್ಕೊಂಡೀಯವ್ವ" ಎನ್ನುತ್ತಿದ್ದರು. ಹಾಗಾಗಿ ಕಟ್ಟೆಯ ಮೇಲೆ ಕುಳಿತು ಮೂರು ಗೊರವಂಕ ಹಕ್ಕಿಗಳನ್ನು ನೋಡುವುದೇ ನನ್ನ ಕೆಲಸ! ಅವು ಯಾವಾಗಲೂ ದೊಡ್ಡ ಎಮ್ಮೆಯ ಮೇಲೇ ಕೂತು ರಕ್ತ ಹೀರುವ ಉಣ್ಣೆಹುಳ ಹೆಕ್ಕುತ್ತವೆ. ಮೈ ದೊಡ್ಡದು, ಊಟ ಹೆಚ್ಚು. ಮೇಲಾಗಿ ಅದು ಸುಮ್ಮನೆ ನಿಲ್ಲುತ್ತದೆ. ಸದಾ ಬಾಲ ಬೀಸುವ, ಇನ್ನೂ ಈಯದ ಸಣ್ಣ ಮಣಕದ ಕಡೆ ಒಂದೂ ಸುಳಿಯುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಮೂರೂ ಹಕ್ಕಿಗಳು ಮಣಕದ ಕಿವಿಗೇ ಜೋತುಬಿದ್ದಿದ್ದವು. ಎಷ್ಟು ಕೊಡವಿದರೂ ಮತ್ತೆ ಬರುತ್ತಿದ್ದವು. ಓಡಿಹೋಗಿ ಹೇಳಿದೆ, "ಅತ್ತೀ, ಅದರ ಕಿವ್ಯಾಗ ಏನೋ ಐತ್ರಿ!"

ನನ್ನ ವೀರೇಶ, ಅದೇ ತುಂಟ ಗಂಡ, ನಕ್ಕ. "ಹಕ್ಕಿ ನಿನಗ ಹೇಳಿ ಹೋದ್ವೇನು?"

ಅತ್ತೆ ಕಿವಿ ಮಡಚಿ ನೋಡಿದರು. ಒಳಗೆಲ್ಲ ಜೋಳದ ಕಾಳಿನಷ್ಟು ದಪ್ಪ ಉಣ್ಣೆಗಳು! ಮೂರು ದಿನದಿಂದ ಮಣಕ ಮೇವು ಬಿಟ್ಟದ್ದು ಇದಕ್ಕೇ ಇರಬೇಕು.

"ನಗಬ್ಯಾಡಲೇ, ನಮಗ ಕಾಣದ್ದು ಈಕಿಗೆ ಕಂಡೈತಿ" ಎಂದು ಮಗನನ್ನು ಗದರಿ, ನನ್ನ ಕಡೆ ತಿರುಗಿದರು. "ಬಾರವ್ವಾ, ಹಗ್ಗ ನೀ ಹಿಡಿ, ನಾ ಉಣ್ಣೆ ಕೀಳ್ತೀನಿ."

ಹಿಡಿದೆ! ಅದು ಒದೆಯಲೇ ಇಲ್ಲ! ಕೈಯಲ್ಲಿ ಇನ್ನೂ ಎಮ್ಮೆಯ ವಾಸನೆ ಇದೆ. ಸೋಪು ಹಚ್ಚಲು ಮನಸ್ಸಾಗುತ್ತಿಲ್ಲ. ನಾಳೆ ಹಾಲು ಕರೆಯುವಾಗಲೂ ಅತ್ತೆ "ಬಾರವ್ವಾ" ಅಂದರೆ...