ಮಡಿ ಕೈ

೨೩-೩-೨೦೦೫, ಬುಧವಾರ, ಶಹಾಬಾದ್

ಕಿಡ್ನಿ ಕೆಟ್ಟ ಇವರಿಗೆ ದಿನಾ ಮನ್ಯಾಗೇ ನಳಿಗಿಲೆ ಹೊಟ್ಟಿಗೆ ಬಿಟ್ಟು ತೆಗಿಯೂ ಡಯಾಲಿಸಿಸ್ ನೀರು, ಸಂಜಿಗೆ ಚೀಲಕ್ಕ ಇಳಿದಾಗ ಮಬ್ಬಾಗಿತ್ತು. ನರ್ಸ್‌ಬಾಯಿ ಕಲಿಸಿದಂಗ ಚೀಲದ ಕೆಳಗ ಪೇಪರ್ ಇಟ್ಟು ನೋಡಿದೆ. ದಿನಾ ಸಣ್ಣ ಅಕ್ಷರಾನೂ ಓದಲಿಕ್ಕೆ ಬರ್ತಿತ್ತು, ಇವತ್ತು ದಪ್ಪ ಅಕ್ಷರಾನೂ ಕಾಣಲಿಲ್ಲ.

ಗುಲಬರ್ಗಾ ದವಾಖಾನಿಗೆ ಫೋನ್ ಹಚ್ಚಿದೆ. "ಒಳಗ ಸೋಂಕಾಗಿರಬೇಕ್ರಿ, ಬೆಳಗಾಗೂತನಕ ಕಾಯಬ್ಯಾಡ್ರಿ. ಆ ಚೀಲಾನೂ ತರ್ರಿ," ಅಂದ್ರು ನರ್ಸ್‌ಬಾಯಿ. ಜೀಪ್ ಹೇಳಿ ತಾಸಾತು, ಇನ್ನೂ ಬಂದಿಲ್ಲ. ಇವರು ಹೊಟ್ಟಿ ಹಿಡಕೊಂಡು ಕೂತಾರ, ಮೈ ಕೆಂಡ ಆಗ್ಯದ. ದೀಪಾವಳಿಗೆ ಹಿಂಗೇ ಆದಾಗ ಡಾಕ್ಟರು ಹೇಳಿದ್ರು, ಮತ್ತೊಮ್ಮೆ ಆದ್ರ ಹೊಟ್ಟಿಯೊಳಗಿನ ನಳಿಗಿ ತೆಗೀಬೇಕಾಗ್ತದ, ಜೀವಕ್ಕೂ ಭರೋಸಾ ಇಲ್ಲ ಅಂತ.

ನಿನ್ನೆ ದ್ವಾದಶಿ. ನಸುಕಿನ್ಯಾಗ ತಲಿಮ್ಯಾಲ ನೀರು ಹಾಕ್ಕೊಂಡು, ಮಡಿಲೆ ಅಡಿಗಿ ಮಾಡಿ, ನೈವೇದ್ಯ ಆದಮ್ಯಾಲ ಹಂಗೇ ಬಂದು ಚೀಲ ಬದಲಿಸಿದೆ. ದೇವರ ಅಡಿಗಿ ಮಾಡಿದ ಕೈ, ಇದಕ್ಕಿಂತ ಸ್ವಚ್ಛ ಯಾವುದದ ಅನಿಸ್ತು. ಸಾಬೂನು ಮುಟ್ಟಲಿಲ್ಲ. ಮರೆತಿದ್ದಲ್ಲ. ಹೊತ್ತೂ ಇತ್ತು. ಬ್ಯಾಡ ಅನಿಸ್ತು, ಅಷ್ಟೇ.

"ಸಾಬೂನು ಹಚ್ಚಿ ಕೈ ತೊಳದಿದ್ರಿಲ್ಲ?" ಅಂತ ನರ್ಸ್‌ಬಾಯಿ ಫೋನಿನ್ಯಾಗ ಕೇಳಿದ್ದು ಇವರಿಗೂ ಕೇಳಿಸ್ತು. ನಾ ಬಾಯಿ ತೆಗಿಯೂದ್ರಾಗ ಇವರೇ ಅಂದ್ರು, "ನಿನ್ನ ಕೈ ಬಗ್ಗೆ ಏನು ಕೇಳ್ತಾರ ಭಾಮಾ, ನಿನ್ನ ಮಡಿ ಊರಿಗೇ ಗೊತ್ತದ."

ಹೂಂ, ತೊಳದಿದ್ದೆ ಅಂದೆ.

ಡಾಕ್ಟರು ಮತ್ತ ಕೇಳ್ತಾರ. ಇವರ ಮುಂದ ಏನಂತ ಹೇಳ್ಲಿ. ಈಗ ಮೂರು ಸಲ ಸಾಬೂನಿಲೆ ತೊಳದು ಬಂದೀನಿ, ಬೆರಳು ಸುಕ್ಕಾಗ್ಯಾವ.

ಜೀಪಿನ ಸಪ್ಪಳ. ಇವರು ಕರೀಲಿಕತ್ತಾರ. ಹೊರಡೂಕಿಂತ ಮೊದಲ ಹಣಿಗೆ ರಾಯರ ಮೃತ್ತಿಕಿ ಹಚ್ಚಬೇಕಂತ, ನನ್ನ ಕೈಲೇ.