ದನಿ ಬಿಟ್ಟು ಉಳಿದದ್ದೆಲ್ಲ ಮುಕ್ತ

ಸೂರ್ಯಕಾಂತ,

ನಮ್ಮಿಬ್ಬರಲ್ಲಿ ಮುಕ್ತಿ ಮೊದಲು ನಿನಗೇ ಸಿಕ್ಕಿತು; ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರ್ಮಿಗೆಂದು ಸೇರಿ ಬರೆದ ಫರ್ಮ್‌ವೇರ್ ಕೋಡ್ ಮಾತ್ರ ನನ್ನ ಲ್ಯಾಪ್‌ಟಾಪಿನಲ್ಲೇ ಬಂಧನದಲ್ಲಿತ್ತು. ಕೋಡನ್ನು ಯಾರು ಬೇಕಾದರೂ ಷರತ್ತಿಲ್ಲದೆ ಒಯ್ಯಲಿ ಎನ್ನುವ ಲೈಸೆನ್ಸು ನನ್ನದು. ತಿದ್ದಿ ಹಂಚುವವರು ತಿದ್ದಿದ್ದನ್ನೂ ಬಿಚ್ಚಿ ಕೊಡಲಿ ಎನ್ನುವುದು ನಿನ್ನದು. ಜಗಳ ಮುಗಿಸದೆ ನೀನೇ ಹೊರಟೆ.

ಅರ್ಧ ಕೋಡ್ ನಿನ್ನದಲ್ಲವೇ, ನಿನ್ನೆ ಮಣಿಕೊಂಡದ ನಿನ್ನ ಮನೆಗೆ ಹೋಗಿ ನಿನ್ನ ಹೆಂಡತಿ ಶಿವದೇವಿ ವೈನಿಯ ಒಪ್ಪಿಗೆ ಕೇಳಿದೆ.

"ಅವರು ಅಂದಿದ್ದ ಲೈಸೆನ್ಸನ ಹಾಕ್ರಿ. ಇನ್ನ ಯಾರ ಜೋಡಿ ಜಗಳಾಡ್ತೀರಿ?" ಎಂದರು.

ಅಷ್ಟರಲ್ಲಿ ಗೋಡೆಯ ಅಲಾರ್ಮ್ ಪೆಟ್ಟಿಗೆಯಿಂದ ನೀನು ರೆಕಾರ್ಡ್ ಮಾಡಿಟ್ಟ ದನಿ ಕೂಗಿತು: "ಟ್ಯಾಂಕ್ ತುಂಬೈತಿ, ಮೋಟಾರ್ ಬಂದ್ ಮಾಡ್ರಲೇ!"

ವೈನಿ ಮೋಟಾರ್ ನಿಲ್ಲಿಸಿ ಬಂದರು. "ಕೋಡ್ ಊರಿಗೆಲ್ಲ ಕೊಡ್ರಿ ಅಣ್ಣಾರ. ಈ ದನಿ ಮಾತ್ರ ಬ್ಯಾಡ್ರಿ."

ಕೂಕಟ್‌ಪಲ್ಲಿಯ ನನ್ನ ಮನೆಗೆ ಬಂದವನೇ ಕೋಡಿನಿಂದ ನಿನ್ನ ದನಿ ತೆಗೆದು ಬೀಪ್ ಸೇರಿಸಿ, ನಿನ್ನ ಲೈಸೆನ್ಸನ್ನೇ ಹಾಕಿ ಬಿಡುಗಡೆ ಮಾಡಿದೆ. ಎದುರಾಳಿ ನಾನು ಸುಸ್ತಾದ ಮೇಲೆ ನೀನೇ ಗೆದ್ದೆ, ದೋಸ್ತಾ. ಪರೀಕ್ಷೆಗೆಂದು, ಇಷ್ಟು ದಿನ ನಿನ್ನ ದನಿಯಲ್ಲೇ ಕೂಗುತ್ತಿದ್ದ ನನ್ನ ಮನೆಯ ಪೆಟ್ಟಿಗೆಗೂ ಅದನ್ನೇ ತುಂಬಿದೆ.

ಇವತ್ತು ಬೆಳಿಗ್ಗೆ ಅದು ಬೀಪ್ ಅಂತು. ಚೆನ್ನಾಗಿಯೇ ಕೇಳಿಸಿತು. ಆದರೂ ನೀನು ಬಯ್ಯಲಿ ಎಂದು ಮೋಟಾರ್ ನಿಲ್ಲಿಸದೆ ಕೂತೇ ಇದ್ದೆ, ನೀರು ಮೆಟ್ಟಿಲಿಳಿದು ಕೆಳಗಿನ ಮನೆಯವರು ಬಯ್ಯುವವರೆಗೂ.